ಮಡ್ಲಕ್ಕಿ ಮೇಷ್ಟ್ರ ಹಡಗು

ಶಿವರಾಜು ಮೇಷ್ಟ್ರು ಡಾಕ್ಟರಾಗಲೇಬೇಕೆಂದು ಹಟ ತೊಟ್ಟದ್ದು ಒಂದು ಬೆತ್ತದ ಕುರ್ಚಿಯ ದೆಸೆಯಿಂದ.

ಅವರ ಮಾವ ಶಿವಮಲ್ಲಪ್ಪನವರಿಗೆ ತಿ. ನರಸೀಪುರದಲ್ಲಿ ಬೆಲ್ಲದ ಮಂಡಿ. ಮನೆಯ ಜಗಲಿಯ ಮೇಲೆ ಇದ್ದದ್ದು ಒಂದೇ ಬೆತ್ತದ ಕುರ್ಚಿ. ಹಬ್ಬಕ್ಕೆ ಅಳಿಯಂದಿರಿಬ್ಬರೂ ಬಂದರೆ ಅದರಲ್ಲಿ ಕೂರುತ್ತಿದ್ದವನು ಕಿರಿಯ ಅಳಿಯ ನಂಜೇಶ. ಅವನು ದನದ ಡಾಕ್ಟರು. ಹಿರಿಯ ಅಳಿಯ ಶಿವರಾಜು ಎಂ.ಎ. ಓದಿದವರು, ನಂಜನಗೂಡಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು. ಆದರೆ ಮಾವನವರ ಕಣ್ಣಿಗೆ ಒಂದನೇ ಕ್ಲಾಸಿನಲ್ಲಿ ಅ ಆ ತೀಡಿಸುವವನೂ ಮೇಷ್ಟ್ರೇ, ಕಾಲೇಜಿನಲ್ಲಿ ಪಾಣಿಪತ್ ಕದನ ಹೇಳುವವನೂ ಮೇಷ್ಟ್ರೇ.

1994ರ ಯುಗಾದಿಯ ದಿನ ಶಿವಮಲ್ಲಪ್ಪನವರು ಎಂದಿನಂತೆ, "ಡಾಕ್ಟ್ರೇ, ಬನ್ನಿ, ಕುರ್ಚಿ ಮ್ಯಾಲೆ ಕೂತ್ಕೊಳಿ" ಎಂದರು. ಆಮೇಲೆ ಒಳಕ್ಕೆ ತಿರುಗಿ, "ಯಾರ್ಲಾ ಅಲ್ಲಿ, ಮೇಷ್ಟ್ರಿಗೊಂದು ಚಾಪೆ ತನ್ನಿ" ಎಂದರು. ಆವತ್ತು ಚಾಪೆಯ ಅಂಚಿನ ಈಚಲು ಗರಿ ಚುಚ್ಚಿ ಮೇಷ್ಟ್ರ ಹೊಸ ಪಂಚೆ ಹರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೆಂಡತಿ ರುದ್ರಾಣಿಗೆ, "ನಾನೂ ಡಾಕ್ಟರಾಗ್ತೀನಿ" ಎಂದರು.

ರುದ್ರಾಣಿ ಅವರ ಹಣೆ ಮುಟ್ಟಿ ನೋಡಿದಳು. "ಈ ವಯಸ್ಸಲ್ಲಿ ದನ ಹಿಡ್ಕೊಂಡು ಇಂಜಕ್ಷನ್ ಕೊಡಕಾಯ್ತದಾ?"

"ಪಿಎಚ್.ಡಿ. ಕಣೇ. ಹೆಸರಿನ ಮುಂದೆ ಅದೇ 'ಡಾ' ಬರುತ್ತೆ. ಬೋರ್ಡ್ ಓದೋನಿಗೆ ವ್ಯತ್ಯಾಸ ಗೊತ್ತಾಗಲ್ಲ."

"ನಮ್ಮಪ್ಪ ಬೋರ್ಡ್ ಓದಲ್ಲ" ಎಂದಳು ರುದ್ರಾಣಿ. ಅವಳು ಮಾತಾಡುವುದೇ ಹಾಗೆ. ಉಪ್ಪು ಹೆಚ್ಚಾದರೂ ಸರಿ, ಸಪ್ಪೆ ಬಡಿಸಿದವಳಲ್ಲ.

ಮೇಷ್ಟ್ರು ಮಾರ್ಗದರ್ಶಕರನ್ನು ಹುಡುಕಿಕೊಂಡು ಒಂದು ವಿಶ್ವವಿದ್ಯಾಲಯಕ್ಕೆ ಹೋದರು. ಯಾವುದು ಎನ್ನುವುದು ಬೇಡ. ಅಲ್ಲಿನ ಪ್ರೊಫೆಸರ್ ಕೃಷ್ಣಕುಮಾರ್ ಕಿಟಕಿಯ ಕಡೆ ಮುಖ ಮಾಡಿ ಕಿವಿಯೊಳಗೆ ಬೆಂಕಿಕಡ್ಡಿ ತಿರುಗಿಸುತ್ತ ಕೂತಿದ್ದರು.

"ನಂಜನಗೂಡಿನ ದೇವಸ್ಥಾನದ ಮೇಲೆ ಮಾಡೋಣ ಅಂತಿದೀನಿ ಸಾರ್."

"ಐದು ಜನ ಮಾಡಿದಾರೆ. ಐದೂ ಒಂದೇ ಥರ ಇದೆ. ಆರನೆಯದು ಬಂದ್ರೆ ಯಾರಾದ್ರೂ ಪಕ್ಕಪಕ್ಕ ಇಟ್ಟು ನೋಡ್ತಾರೆ."

"ಕಪಿಲೆ ದಡದ ವೀರಗಲ್ಲುಗಳು?"

"ಅದು ನಂದು. ಇನ್ನೂ ಬರೆದಿಲ್ಲ, ಆದ್ರೂ ನಂದು." ಪ್ರೊಫೆಸರು ಬೆಂಕಿಕಡ್ಡಿಯ ತುದಿಯನ್ನು ಪರೀಕ್ಷಿಸಿ ಮುಂದುವರಿಸಿದರು, "ನೋಡ್ರೀ ಶಿವರಾಜು, ಯಾರಿಗೂ ಗೊತ್ತಿಲ್ಲದ ವಿಷಯ ತನ್ನಿ. ಗೊತ್ತಿಲ್ಲದಿದ್ರೆ ಪ್ರಶ್ನೆ ಕೇಳಲ್ಲ. ನನಗೂ ಗೊತ್ತಿರಬಾರದು. ಗೊತ್ತಿದ್ರೆ ತಿದ್ದಬೇಕಾಗುತ್ತೆ."

ಇದನ್ನು ಗುರೂಪದೇಶವೆಂದು ಶಿರಸಾವಹಿಸಿ ಬಂದ ಮೇಷ್ಟ್ರು ಕಾಲೇಜಿನ ಲೈಬ್ರರಿಯಲ್ಲಿ ಯಾರೂ ಬೀಗ ತೆಗೆಯದ ಬೀರುವನ್ನು ತೆಗೆಸಿದರು. ಬಿಳಿಗಿರಿರಂಗನ ಬೆಟ್ಟದ ಕಡೆಯ ಯಾವುದೋ ಕಾಫಿ ತೋಟದ ದೊರೆ ದೇಶ ಬಿಟ್ಟು ಹೋಗುವಾಗ ಹೊರಲಾರದೆ ದಾನ ಕೊಟ್ಟ ಪುಸ್ತಕಗಳು ಅವು. ಕುದುರೆಯ ರೋಗ, ಬೇಟೆನಾಯಿಗಳ ವಂಶಾವಳಿ ಇವೆಲ್ಲ ಸರಿಸಿದ ಮೇಲೆ ತಳದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. 'ಮಡ್‌ಲಾರ್ಕ್' ಎನ್ನುವ ಒಂದು ಸಣ್ಣ ಯುದ್ಧನೌಕೆಯ ಸಮಗ್ರ ಚರಿತ್ರೆ. ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ, ಅಂದರೆ ಬರೆದವನ ಹೆಸರನ್ನೂ ಅವನು ನೋಡಿದ ಗ್ರಂಥಗಳ ಪಟ್ಟಿಯನ್ನೂ ಗೆದ್ದಲು ತಿಂದಿತ್ತು. ಮಧ್ಯದ್ದೆಲ್ಲ ಗಟ್ಟಿಯಾಗಿತ್ತು. ಸಂಶೋಧನೆಗೆ ಇದಕ್ಕಿಂತ ಅನುಕೂಲವಾದ ಪುಸ್ತಕವನ್ನು ಗೆದ್ದಲು ಈವರೆಗೆ ತಯಾರಿಸಿಲ್ಲ.

ಹಡಗಿನ ಕಥೆ ಇಷ್ಟೇ. ಹತ್ತೊಂಬತ್ತನೆಯ ಶತಮಾನದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಇಂಗ್ಲೆಂಡಿನ ಒಂದು ನದಿಯ ದಡದಲ್ಲಿ ಅದನ್ನು ಕಟ್ಟಿದರು. ಚಪ್ಪಟೆ ತಳ, ಗಿಡ್ಡ ಮೈ, ನೋಡಲು ಇಸ್ತ್ರಿಪೆಟ್ಟಿಗೆಯಂತೆ. ಅದಕ್ಕೆ ಒಂದೇ ಒಂದು ಫಿರಂಗಿ. ಆ ಫಿರಂಗಿ ಎಷ್ಟು ದೊಡ್ಡದೆಂದರೆ ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕಾದರೆ ಹಡಗನ್ನೇ ತಿರುಗಿಸಬೇಕಾಗಿತ್ತು. ನದಿ ಸಮುದ್ರ ಸೇರುವಲ್ಲಿ ನಿಂತು ವೈರಿಗಳನ್ನು ಕಾಯುವುದು ಅದರ ಕೆಲಸ. ವೈರಿಗಳು ಬರಲಿಲ್ಲ. ಒಂದು ಸಲ ರಾಣಿಯ ಹುಟ್ಟುಹಬ್ಬಕ್ಕೆ ಗುಂಡು ಹಾರಿಸಿದಾಗ ದಡದ ಊರಿನ ಕಿಟಕಿ ಗಾಜುಗಳೆಲ್ಲ ಒಡೆದುಹೋಗಿ, ಮತ್ತೆ ಹಾರಿಸಬೇಡಿ ಎಂದು ಹುಕುಂ ಬಂತು. ಹಾಗೇ ಮುದಿಯಾಯಿತು. ಹೊಸ ಶತಮಾನ ಬಂದಾಗ ಸರ್ಕಾರ ಫಿರಂಗಿಯನ್ನು ಕಿತ್ತು, ಹಡಗಿನ ಮೇಲ್ಭಾಗದಲ್ಲಿ ಕಂಬಿ ಹಾಸಿ, ಹಿಂಬದಿಯಲ್ಲಿ ಬಾಗಿಲು ಕೊರೆದು, ನೀರಿನಲ್ಲಿ ಸಿಡಿಯುವ ಬಾಂಬುಗಳನ್ನು ಸಮುದ್ರದಲ್ಲಿ ಇಳಿಬಿಡುವ ಹಡಗನ್ನಾಗಿ ಮಾಡಿತು. ಮೊದಲನೆಯ ಮಹಾಯುದ್ಧದಲ್ಲಿ ಅದು ಮಂಜಿನ ಮರೆಯಲ್ಲಿ ಹೋಗಿ ಬಾಂಬು ಬಿತ್ತಿ ಬರುತ್ತಿತ್ತು. ಸಾಯುವವರು ಆಮೇಲೆ ಬಂದು ಸಾಯುತ್ತಿದ್ದರು. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ಇದನ್ನೆಲ್ಲ ರುದ್ರಾಣಿಗೆ ಹೇಳಿದರು.

"ಅಲ್ರೀ, ಎದುರಿಗೆ ನಿಂತು ಒಂದಾದ್ರೂ ಯುದ್ಧ ಮಾಡ್ತಾ ಅದು?"

"ಇಲ್ಲ. ಅದಕ್ಕೇ ಇದುವರೆಗೂ ಯಾರೂ ಅದರ ಮೇಲೆ ಪಿಎಚ್.ಡಿ. ಮಾಡಿಲ್ಲ."

ಪ್ರೊಫೆಸರಿಗೆ ವಿಷಯ ಬಹಳ ಹಿಡಿಸಿತು. ಕಾಲೇಜಿನಲ್ಲಿ ಮಾತ್ರ ಅಟೆಂಡರ್ ಮಹದೇವನ ಬಾಯಿಗೆ ಬಿದ್ದು ಹಡಗು ಮೊದಲ ವಾರದಲ್ಲೇ ಜಖಂ ಆಯಿತು. "ಮೇಷ್ಟ್ರು ಯಾವ್ದೋ ಮಡ್ಲಕ್ಕಿ ಮ್ಯಾಲೆ ಬರೀತಾವ್ರಂತೆ" ಎಂದು ಅವನು ಸುದ್ದಿ ಹಬ್ಬಿಸಿದ. ಮೇಷ್ಟ್ರು ಅವನನ್ನು ಕರೆದು ತಾಳ್ಮೆಯಿಂದ ತಿದ್ದಿದರು.

"ಮಡ್ಲಕ್ಕಿ ಅಲ್ಲಯ್ಯ, ಮಡ್‌ಲಾರ್ಕ್. ಲಾರ್ಕ್ ಅಂದ್ರೆ ಹಕ್ಕಿ."

"ಅದೇ ಸಾ ನಾನೂ ಯೋಳಿದ್ದು. ಮಡ್ಲ್ ಅಕ್ಕಿ."

ನಂಜನಗೂಡಿನಿಂದ ಕವಲಂದೆಯವರೆಗೂ ಹಕ್ಕಿಗೂ ಅಕ್ಕಿಗೂ ಒಂದೇ ಉಚ್ಚಾರಣೆಯಾದ ಮೇಲೆ ಯಾರೇನು ಮಾಡುವುದು? ಮದುವೆ ಹೆಣ್ಣಿನ ಸೆರಗಿಗೆ ತುಂಬುವ ಮಡಿಲಕ್ಕಿಯ ಮೇಲೆ ಈ ಗಂಡಸು ಏನು ಬರೆಯುತ್ತಿರಬಹುದೆಂದು ಊರೇ ಕುತೂಹಲಪಟ್ಟಿತು. ಒಂದು ಮಹಿಳಾ ಸಮಾಜದವರು ಕರೆದು, ಮಡಿಲಕ್ಕಿಯ ಮಹತ್ವ ಕುರಿತು ಉಪನ್ಯಾಸ ಕೊಡಿ ಎಂದರು. ಮೇಷ್ಟ್ರು ಹೋಗಿ ಫಿರಂಗಿಯ ಬಗ್ಗೆ ಮಾತಾಡಿದರು. ಹೆಂಗಸರು ಕೊನೆಯವರೆಗೂ ಮಡಿಲಕ್ಕಿ ಯಾವಾಗ ಬರುತ್ತದೆಂದು ಕಾದು ಉಪ್ಪಿಟ್ಟು ತಿಂದು ಎದ್ದರು. ಅಲ್ಲಿಂದ ಮುಂದೆ ಶಿವರಾಜು ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಊರಿನವರಿಗೆಲ್ಲ ಅವರು ಮಡ್ಲಕ್ಕಿ ಮೇಷ್ಟ್ರು.

ಪ್ರಬಂಧ ಸಾಗಿದ ರೀತಿಯೂ ಹಡಗಿನ ರೀತಿಯೇ. ಇಂಗ್ಲಿಷಿನಲ್ಲಿ ಆ ಬಾಂಬಿಗೆ 'ಮೈನ್' ಎನ್ನುತ್ತಾರೆ. ಮೇಷ್ಟ್ರು ನಿಘಂಟು ನೋಡಿದರು. ಮೈನ್ ಎಂದರೆ ಗಣಿ ಎಂದಿತ್ತು. ಹಾಗಾಗಿ ಪ್ರಬಂಧಕ್ಕೆ 'ಮಡ್‌ಲಾರ್ಕ್: ಫಿರಂಗಿ ದೋಣಿಯೊಂದು ಗಣಿ ಹಾಸುವ ಹಡಗಾಗಿ ಪರಿವರ್ತನೆಗೊಂಡ ಬಗೆ' ಎಂದು ಹೆಸರಿಟ್ಟು ಕಳಿಸಿದರು. ವಿಶ್ವವಿದ್ಯಾಲಯದ ಗುಮಾಸ್ತರು ಗಣಿ ಎಂಬ ಪದ ನೋಡಿದವರೇ ಕಡತವನ್ನು ಭೂಗರ್ಭಶಾಸ್ತ್ರ ವಿಭಾಗಕ್ಕೆ ರವಾನಿಸಿದರು. ಅಲ್ಲಿನವರು, ನೀರಿನ ಮೇಲೆ ಗಣಿ ಹಾಸಲು ಸಾಧ್ಯವಿಲ್ಲವೆಂದು ಷರಾ ಬರೆದು, ಅದು ಯಾವ ಅದಿರೆಂದು ಸ್ಪಷ್ಟೀಕರಣ ಕೇಳಿದರು. ಈ ಗಣಿಯಿಂದ ಪ್ರಬಂಧವನ್ನು ಮೇಲೆತ್ತುವುದರಲ್ಲಿ ಒಂದು ವರ್ಷ ಕಳೆಯಿತು.

"ಬಾಂಬ್ ಬಿತ್ತೋ ಹಡಗು ಅನ್ನಿ, ಎಲ್ಲಾರ್ಗೂ ಅರ್ಥ ಆಯ್ತದೆ" ಎಂದಳು ರುದ್ರಾಣಿ. ಅವಳು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು, ಪ್ರಬಂಧದ ಕಾಗುಣಿತ ತಿದ್ದುತ್ತಿದ್ದಳು.

"ಅರ್ಥ ಆಗೋ ಥರ ಬರೆದ್ರೆ ಪಿಎಚ್.ಡಿ. ಕೊಡಲ್ಲ ಕಣೇ" ಎಂದ ಮೇಷ್ಟ್ರು, ಹತ್ತು ದಿನ ಯೋಚಿಸಿದಂತೆ ಮಾಡಿ, ಅವಳ ಮಾತನ್ನೇ ಸಂಸ್ಕೃತದಲ್ಲಿ ಬರೆದುಕೊಂಡರು.

ಇದರ ಜೊತೆಗೆ ಪ್ರೊಫೆಸರಿಗೆ ರಸಬಾಳೆ ಬೇಕಿತ್ತು. ನಂಜನಗೂಡಿನವರಾಗಿ ಮಾರ್ಗದರ್ಶಕರಿಗೆ ನಂಜನಗೂಡು ರಸಬಾಳೆ ಕೊಡದಿದ್ದರೆ ಹೇಗೆ? ಆದರೆ ಆ ಹೊತ್ತಿಗಾಗಲೇ ಬಾಳೆಗೆ ರೋಗ ಬಿದ್ದು ಅಸಲಿ ರಸಬಾಳೆ ನಂಜನಗೂಡಿನವರಿಗೇ ಕಾಣುತ್ತಿರಲಿಲ್ಲ. ಮೇಷ್ಟ್ರು ಇಂಗ್ಲೆಂಡಿನ ಹಡಗಿಗಾಗಿ ಕಾಲೇಜಿನ ಲೈಬ್ರರಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ರಸಬಾಳೆಗಾಗಿ ತಾಲ್ಲೂಕಿನ ತೋಟ ತೋಟ ಅಲೆದರು. ಸಿಗದಿದ್ದಾಗ ಬೇರೆ ಬಾಳೆ ಒಯ್ದರೆ ಪ್ರೊಫೆಸರು ಸಿಪ್ಪೆ ನೋಡಿಯೇ ಪತ್ತೆ ಹಚ್ಚುತ್ತಿದ್ದರು. "ಇದು ನಕಲು ಕಣ್ರೀ ಶಿವರಾಜು. ನಕಲು ನಂಗೆ ಗೊತ್ತಾಗಲ್ವೆ?" ಪಾಪ, ಪ್ರಬಂಧದ ಹಾಳೆಗಳನ್ನು ಅವರು ಅಷ್ಟು ಹತ್ತಿರದಿಂದ ನೋಡಲಿಲ್ಲ.

1999ರಲ್ಲಿ ಮೌಖಿಕ ಪರೀಕ್ಷೆಯಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಚೋಳರ ದೇವಾಲಯಗಳ ಪಂಡಿತರು. ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿ ಒಂದೇ ಪ್ರಶ್ನೆ ಕೇಳಿದರು, "ಹಡಗಿನಲ್ಲಿ ದೇವರ ಕೋಣೆ ಇತ್ತೆ?"

"ಇಲ್ಲ ಸಾರ್. ಭಾನುವಾರ ಪಾದ್ರಿ ಬರ್ತಿದ್ದ."

"ಸಂತೋಷ. ಮಧ್ಯಾಹ್ನ ಬಾಗಿಲು ಹಾಕೋದ್ರೊಳಗೆ ನಿಮ್ಮೂರ ಶ್ರೀಕಂಠೇಶ್ವರನ ದರ್ಶನ ಆಗಬಹುದೆ?"

ಆಯಿತು. ಶಿವರಾಜು ಮೇಷ್ಟ್ರು ಡಾಕ್ಟರ್ ಶಿವರಾಜು ಆದರು. ಮನೆಯ ಮುಂದೆ ಹಿತ್ತಾಳೆಯ ಬೋರ್ಡು ಬಂತು. ಆ ವರ್ಷದ ಗೌರಿ ಹಬ್ಬಕ್ಕೆ ಮಾವನ ಮನೆಗೆ ಹೊರಟಾಗ ಅವರು ಇಸ್ತ್ರಿ ಪ್ಯಾಂಟು ಹಾಕಿಕೊಂಡಿದ್ದರು. ಕುರ್ಚಿಯ ಮೇಲೆ ಕೂರುವವನಿಗೆ ಪಂಚೆ ಯಾಕೆ? ಹೋಗಿ ನೋಡಿದರೆ ಜಗಲಿಯ ತುಂಬ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಶಿವಮಲ್ಲಪ್ಪನವರು ಮೈಸೂರಿನಿಂದ ಡಜನ್‌ಗಟ್ಟಲೆ ತರಿಸಿದ್ದರು. ಬೆಲ್ಲದ ಮೂಟೆ ಹೊರುವವನೂ ಒಂದರಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಬೆತ್ತದ ಕುರ್ಚಿ ಹಿತ್ತಿಲಲ್ಲಿ ಕೋಳಿಗೆ ಕಾವು ಕೂರುವ ಜಾಗವಾಗಿತ್ತು.

ಆದರೂ ಮಾವನವರಲ್ಲಿ ಒಂದು ಬದಲಾವಣೆಯಾಗಿತ್ತು. ಮಂಡಿಗೆ ಬಂದವರ ಮುಂದೆಲ್ಲ, "ನಮ್ಮ ಚಿಕ್ಕಳಿಯ ದನದ ಡಾಕ್ಟ್ರು, ದೊಡ್ಡಳಿಯ ಹಡಗಿನ ಡಾಕ್ಟ್ರು" ಎನ್ನತೊಡಗಿದ್ದರು. ಮುಂದಿನ ಅನಾಹುತಕ್ಕೆಲ್ಲ ಈ ಒಂದು ಮಾತೇ ಮೂಲ.

ಆ ಕಡೆಯ ಒಂದು ಇಲಾಖೆಯ ಕಾಂಪೌಂಡಿನಲ್ಲಿ ಒಂದು ಮೋಟಾರು ದೋಣಿ ಬಿದ್ದಿತ್ತು. ಪ್ರವಾಹ ಬಂದಾಗ ಜನರನ್ನು ಕಾಪಾಡಲೆಂದು ತರಿಸಿದ್ದು. ಅದು ಲಾರಿಯಲ್ಲಿ ಬಂದು ಇಳಿಯುವ ಹೊತ್ತಿಗೆ ಪ್ರವಾಹ ಇಳಿದು ಜನ ತಾವೇ ಬದುಕಿಕೊಂಡಿದ್ದರು. ಅಂದಿನಿಂದ ಹೊಂಗೆ ಮರದ ಕೆಳಗೆ ಎಲೆ ತುಂಬಿಕೊಂಡು ನಿಂತಿತ್ತು. 2001ರಲ್ಲಿ ತಿ. ನರಸೀಪುರದ ಸಂಗಮದ ಪುಣ್ಯಸ್ನಾನಕ್ಕೆ ಲಕ್ಷಾಂತರ ಜನ ಸೇರುವವರಿದ್ದರು. ಕಪಿಲೆ ಕಾವೇರಿಯನ್ನು ಕೂಡುವ ಕಡೆ ಆಳವಿರುವಲ್ಲಿಗೆ ಜನ ಹೋಗದಂತೆ ಕೆಂಪು ಡ್ರಮ್ಮುಗಳನ್ನು ತೇಲಿಬಿಟ್ಟು ಗುರುತು ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಇಲಾಖೆಯ ಸಾಹೇಬರು ಶಿವಮಲ್ಲಪ್ಪನವರ ಮಂಡಿಯಲ್ಲಿ ಬೆಲ್ಲ ಕೊಳ್ಳುವವರು. ಹಡಗಿನ ಡಾಕ್ಟ್ರ ಮಾತು ಅವರ ಕಿವಿಗೂ ಬಿದ್ದಿತ್ತು.

ಸಾಹೇಬರು ಜೀಪಿನಲ್ಲಿ ನಂಜನಗೂಡಿಗೇ ಬಂದರು. "ಸರ್, ನಿಮ್ಮ ಹಡಗು ನೀರಿಗೆ ಬಾಂಬ್ ಬಿಡ್ತಿತ್ತಂತೆ. ನಾವು ಡ್ರಮ್ ಬಿಡ್ಬೇಕು. ಎರಡೂ ಒಂದೇ ಅಲ್ವ?"

ಮೇಷ್ಟ್ರಿಗೆ ಅಲ್ಲ ಎನ್ನಬೇಕೆನಿಸಿತು. ಅವರು ಸಮುದ್ರ ಕಂಡವರಲ್ಲ, ಹುಟ್ಟಿದ ಕವಲಂದೆಯಲ್ಲಿ ಹೊಳೆಯಿಲ್ಲ, ಈಜು ಬರುವುದಿಲ್ಲ. ಆದರೆ ಮನೆಯ ಮುಂದೆ ಸರ್ಕಾರಿ ಜೀಪು ನಿಂತಿತ್ತು, ಎದುರು ಮನೆಯವರು ಬಾಗಿಲಿಗೆ ಬಂದಿದ್ದರು, ಸಾಹೇಬರು ಸರ್ ಎಂದಿದ್ದರು. "ತಾಂತ್ರಿಕವಾಗಿ ನೋಡಿದ್ರೆ ಒಂದೇ" ಎಂದುಬಿಟ್ಟರು.

ಪುಸ್ತಕದಲ್ಲಿದ್ದ ಚಿತ್ರವನ್ನು ನೋಡಿ ಮೇಷ್ಟ್ರು ನಕ್ಷೆ ಬರೆದುಕೊಟ್ಟರು. ತಾಂಡ್ಯದ ಕಾರ್ಖಾನೆಗಳ ಬಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ದೋಣಿಯ ಹಿಂಬದಿಗೆ ಕಬ್ಬಿಣದ ಕಂಬಿ ಕೂರಿಸಿದರು. ಕಂಬಿಯ ಮೇಲೆ ಸಾಲಾಗಿ ಡ್ರಮ್ಮು, ಪ್ರತಿ ಡ್ರಮ್ಮಿಗೂ ಹಗ್ಗ, ಹಗ್ಗದ ಕೊನೆಗೆ ನದಿಯ ತಳ ಹಿಡಿಯಲು ಒಂದು ಚಪ್ಪಡಿ ಕಲ್ಲು. ದೋಣಿ ಓಡಿಸಲು ದಿನಗೂಲಿಗೆ ಸಿಕ್ಕಿದವನು ಸಂಗಮದಲ್ಲಿ ಹರಿಗೋಲು ಹಾಕುತ್ತಿದ್ದ ಮಲ್ಲಯ್ಯ. ಅವನು ಮೋಟಾರು ದೋಣಿ ಮುಟ್ಟಿದವನಲ್ಲ. ಆದರೆ ಅವನಿಗಿದ್ದ ಚಿಂತೆ ಅದಲ್ಲ. "ಸಾ, ಇದ್ಕೆ ಆರನ್ ಇಲ್ಲ. ಆರನ್ ಇಲ್ದೆ ಗಾಡಿ ಎಂಗೆ ಓಡ್ಸದು?" ಎಂದು ಹಟ ಹಿಡಿದ. ಹಳೇ ಲಾರಿಯ ಹಾರನ್ ತಂದು ಕಟ್ಟಿದ ಮೇಲೆ ಅವನ ಮುಖ ಅರಳಿತು. ನೀರಿಗಿಳಿಯುವ ಮೊದಲೇ ಎರಡು ದಿನ ಕಾಂಪೌಂಡಿನಲ್ಲಿ ಕೂತು ಬಾರಿಸಿದ.

ಪರೀಕ್ಷಾರ್ಥ ಚಾಲನೆಯ ದಿನ ಶಾಸಕರು ಬಂದರು. ಅವರ ಜೊತೆ ಅವರ ಜನ. ಸಾಹೇಬರು, ಸಾಹೇಬರ ಕೈಕೆಳಗಿನವರು, ರೇಷ್ಮೆ ಪಂಚೆಯುಟ್ಟ ಶಿವಮಲ್ಲಪ್ಪನವರು, ಅವರನ್ನು ಕರೆತಂದಿದ್ದ ನಂಜೇಶ, ಒಬ್ಬ ಫೋಟೋಗ್ರಾಫರು. ಎಲ್ಲರೂ ಹತ್ತಿದರು. ಹತ್ತಬೇಡಿ ಎನ್ನುವ ಧೈರ್ಯ ಯಾರಿಗಿತ್ತು? ದೋಣಿ ದಡ ಬಿಟ್ಟಿತು. ಮಲ್ಲಯ್ಯ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹಾರನ್ ಹಿಡಿದು, ಎದುರಿಗೆ ಒಂದು ನೀರುಕಾಗೆ ಬಂದರೂ ಬಾರಿಸುತ್ತಿದ್ದ. ಮೇಷ್ಟ್ರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆ ಗಳಿಗೆಯಲ್ಲಿ ಅವರಿಗೆ ತಾವು ಶಿವರಾಜು ಅಲ್ಲ, ಮಡ್‌ಲಾರ್ಕಿನ ಕಪ್ತಾನ ಎನ್ನಿಸಿದ್ದು ನಿಜ.

"ಎಲ್ಲಾರೂ ಹಿಂದುಗಡೆ ಬನ್ನಿ ಸಾರ್, ಡ್ರಮ್ಮೂ ಬರ್ಲಿ ಫೋಟೋದಲ್ಲಿ" ಎಂದ ಫೋಟೋಗ್ರಾಫರು.

ಶಾಸಕರು ಹಿಂದಕ್ಕೆ ಹೋದರು. ಶಾಸಕರು ಹೋದ ಕಡೆ ಎಲ್ಲರೂ ಹೋದರು. ಡ್ರಮ್ಮು, ಕಲ್ಲು, ಕಂಬಿ, ಮೋಟಾರು ಮೊದಲೇ ಹಿಂದೆ ಇದ್ದವು. ದೋಣಿಯ ಮೂತಿ ಹಸು ಕತ್ತೆತ್ತಿದಂತೆ ಮೇಲಕ್ಕೆದ್ದಿತು. ಹಿಂಬದಿಯಿಂದ ಕಾವೇರಿ ಸದ್ದಿಲ್ಲದೆ ಒಳಗೆ ಬಂದಳು.

ಮೇಷ್ಟ್ರ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: 'ಹಿಂಭಾಗಕ್ಕೆ ಭಾರ ಸೇರ್ಪಡೆಯಾದ ಕಾರಣ, ಸಮತೋಲನದ ಸಂರಕ್ಷಣಾರ್ಥವಾಗಿ ಹಡಗಿನ ಮುಂಭಾಗದಲ್ಲಿ ಶಿಲೆಗಳನ್ನು ಅಳವಡಿಸಲಾಯಿತು.' ಸ್ವತಃ ಅನುವಾದಿಸಿ, ಸ್ವತಃ ಬರೆದದ್ದು. ನೀರು ಮೊಣಕಾಲಿಗೆ ಬಂದಾಗ ಆ ವಾಕ್ಯ ಅವರಿಗೆ ಮೊದಲ ಸಲ ಅರ್ಥವಾಯಿತು. ಸೊಂಟಕ್ಕೆ ಬಂದಾಗ ಅವರು ಅದನ್ನೂ ಮರೆತು, "ಅಯ್ಯೋ, ನಂಗೀಜು ಬರಲ್ಲ" ಎಂದು ಕೂಗತೊಡಗಿದರು.

ನಂಜೇಶ ಅವರ ಕಾಲರು ಹಿಡಿದು ನೆಟ್ಟಗೆ ನಿಲ್ಲಿಸಿದ. ಮೊಂಡು ಹೋರಿಗಳನ್ನು ನಿಲ್ಲಿಸಿ ಅಭ್ಯಾಸವಿದ್ದವನು. "ನಿಂತ್ಕೊಳಿ ಅಣ್ಣಾ, ನೀರು ಸೊಂಟಕ್ಕೇ ಇರೋದು. ದೋಣಿ ಮರಳು ಹತ್ಕೊಂಡದೆ."

ಹಾಗೇ ಆಗಿತ್ತು. ದೋಣಿ ಮುಳುಗುವುದಕ್ಕೂ ಅಲ್ಲಿ ನೀರು ಸಾಲದು. ಶಾಸಕರು ಹಾರದ ಸಮೇತ, ಮಾವನವರು ರೇಷ್ಮೆ ಪಂಚೆಯ ಸಮೇತ ಹೊಳೆಯ ನಡುವೆ ಸಾಲಾಗಿ ನಿಂತಿದ್ದರು. ದಡದ ಮೇಲಿದ್ದ ಮುದುಕಿಯರು ಇದೇನೋ ಪೂಜೆಯಿರಬೇಕೆಂದು ಕೈ ಮುಗಿದರು. ಕಟ್ಟು ಬಿಚ್ಚಿದ ಕೆಂಪು ಡ್ರಮ್ಮುಗಳು ತಲಕಾಡಿನ ಕಡೆ ತೇಲಿಹೋದವು. ಹಾರನ್ ನೀರೊಳಗೆ ಸಿಕ್ಕಿಕೊಂಡು, ಗಂಟಲು ಕಟ್ಟಿದ ಎಮ್ಮೆಯಂತೆ ಒಂದೇ ಸಮ ಕೂಗುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಮಾನ ಮಾತ್ರ ಹೋಯಿತು, ಅದೂ ಇದ್ದವರದು.

ಮನೆಗೆ ಬಂದ ಮೇಷ್ಟ್ರಿಗೆ ರುದ್ರಾಣಿ ಒಣ ಟವೆಲು ಕೊಟ್ಟಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ, "ಬಾಲ ಭಾರ ಆದ್ರೆ ಮೂತಿಗೂ ಕಲ್ಲು ಇಡ್ಬೇಕು ಅಂತ ನೀವೇ ಬರ್ದಿದ್ರಲ್ಲ" ಎಂದಳು.

"ಬರೆದಿದ್ದೆ."

"ಮತ್ತೆ?"

"ಬರೆದೆ ಅಷ್ಟೆ. ಓದಿರಲಿಲ್ಲ."

ರುದ್ರಾಣಿ ನಗಲಿಲ್ಲ. ಮದುವೆಯಾದ ಮೇಲೆ ಗಂಡ ಆಡಿದ ಮೊದಲ ನಿಜವಾದ ಮಾತು ಅದು ಎಂದು ಅವಳಿಗೆ ಅನ್ನಿಸಿರಬೇಕು.

ತನಿಖೆಗೆ ಸಮಿತಿಯಾಯಿತು. ಸಾಹೇಬರು ಅಧ್ಯಕ್ಷರು, ಒಬ್ಬ ಎಂಜಿನಿಯರು ಸದಸ್ಯರು. ನೌಕಾ ವಿಷಯ ತಿಳಿದ ತಜ್ಞರೊಬ್ಬರು ಬೇಕಲ್ಲ? ಸುತ್ತಮುತ್ತ ಎರಡು ತಾಲ್ಲೂಕಿಗೆ ಇದ್ದವರು ಒಬ್ಬರೇ. ಹಾಗಾಗಿ ಡಾ. ಶಿವರಾಜು ತಮ್ಮ ದೋಣಿ ಏಕೆ ಮುಳುಗಿತೆಂದು ತಾವೇ ವಿಚಾರಣೆ ನಡೆಸಲು ನೇಮಕವಾದರು.

ಪ್ರವಾಸಿ ಮಂದಿರದಲ್ಲಿ ಗೋಡಂಬಿ, ಬಿಸ್ಕತ್ತಿನ ನಡುವೆ ಸಭೆ ಕೂಡಿತು. ಮಲ್ಲಯ್ಯನನ್ನು ಬಾಗಿಲ ಬಳಿ ನಿಲ್ಲಿಸಿದ್ದರು.

"ಇದ್ರಲ್ಲಿ ಕಷ್ಟ ಏನಿಲ್ಲ" ಎಂದರು ಸಾಹೇಬರು. "ಚಾಲಕನಿಗೆ ಅನುಭವ ಇಲ್ಲ. ಅದರಿಂದ ಅವಘಡ. ಬರ್ಕೊಳ್ಳಿ."

ಮಲ್ಲಯ್ಯನ ಮುಖ ಕಪ್ಪಿಟ್ಟಿತು. "ಸಾ, ಅಂಗ್ ಮಾತ್ರ ಬರೀಬ್ಯಾಡಿ. ನಮ್ಮ ತಾತನ ಕಾಲ್ದಿಂದ ಅರಗೋಲು ಆಕೋರು ನಾವು. ಮಲ್ಲಯ್ಯಂಗೆ ದೋಣಿ ಗೊತ್ತಿಲ್ಲ ಅಂತ ಸರ್ಕಾರವೇ ಬರುದ್ರೆ ನಾಳೀಕೆ ನನ್ನ ಅರಗೋಲಿಗೆ ಯಾರು ಅತ್ತಾರು?"

"ಮತ್ತೇನಯ್ಯ ಬರೀಲಿ?"

"ಕುಡ್ದಿದ್ದ ಅಂತ ಬರ್ಕೊಳಿ. ಕುಡ್ದಾಗ ಎಂಥೋನ್ಗೂ ತಪ್ತದೆ. ನಾನು ಕುಡಿಯೋನಲ್ಲ, ಆದ್ರೂ ಓಗ್ಲಿ, ಬರ್ಕೊಳಿ."

ಎಂಜಿನಿಯರು ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಶಿವರಾಜು ಮೇಷ್ಟ್ರು ಎದ್ದು ನಿಂತರು. ಯಾಕೆ ನಿಂತರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಅವನದೇನೂ ತಪ್ಪಿಲ್ಲ. ತಪ್ಪು ನಂದು. ಹಿಂದೆ ಭಾರ ಹಾಕಿಸಿದವನು ನಾನು. ಮುಂದೆ ಕಲ್ಲಿಡಬೇಕಿತ್ತು. ನನ್ನ ಪ್ರಬಂಧದಲ್ಲೇ ಇದೆ. ನಂಗೆ ಹಡಗಿನ ಬಗ್ಗೆ ಏನೂ ಗೊತ್ತಿಲ್ಲ."

ಕೆಲಸ ಹೋಗಬಹುದು, ಡಿಗ್ರಿ ಕಿತ್ತುಕೊಳ್ಳಬಹುದು, ಪೇಪರಿನಲ್ಲಿ ಬರಬಹುದು ಎಂದು ಮೇಷ್ಟ್ರು ಎಲ್ಲಕ್ಕೂ ಎದೆಯೊಡ್ಡಿ ನಿಂತರು. ಸಾಹೇಬರ ಕಣ್ಣು ತುಂಬಿ ಬಂತು.

"ನೋಡಿ, ವಿದ್ಯಾವಂತರು ಅಂದ್ರೆ ಹೀಗಿರಬೇಕು. ಒಬ್ಬ ಕೂಲಿಯವನನ್ನ ಉಳಿಸೋಕೆ ಎಲ್ಲಾ ತಮ್ಮ ಮೇಲೆ ಹಾಕ್ಕೊಂಡ್ರು. ಏನೂ ಗೊತ್ತಿಲ್ಲ ಅಂತ ಬೇರೆ ಹೇಳ್ತಾರೆ. ತುಂಬಿದ ಕೊಡ ಸಾರ್ ನೀವು."

"ಇಲ್ಲ ಸಾಹೇಬ್ರೇ, ನಿಜವಾಗ್ಲೂ ಗೊತ್ತಿಲ್ಲ."

"ಸಾಕು ಸರ್, ಇನ್ನೂ ಹೇಳಿ ನಮ್ಮನ್ನ ನಾಚಿಸಬೇಡಿ" ಎಂದು ಎಂಜಿನಿಯರು ಕೈ ಮುಗಿದರು.

ಸಮಿತಿಯ ತೀರ್ಮಾನ ಹೀಗಾಯಿತು: ಚಾಲಕ ಕುಡಿದಿದ್ದ, ತಜ್ಞರ ಮುಂದಾಲೋಚನೆಯಿಂದ ದೋಣಿ ಆಳವಿಲ್ಲದ ಕಡೆ ಮುಳುಗಿದ್ದರಿಂದ ಪ್ರಾಣಹಾನಿ ತಪ್ಪಿತು. ಸ್ನಾನದ ದಿನ ಬಿದಿರಿನ ಗಳು ನೆಟ್ಟು ಹಗ್ಗ ಕಟ್ಟಿದರು. ಎಲ್ಲ ಸಾಂಗವಾಗಿ ನಡೆಯಿತು.

ಕೂಲಿ ಹೋದರೂ ಮಲ್ಲಯ್ಯನಿಗೆ ಬೇಸರವಾಗಲಿಲ್ಲ. ಹರಿಗೋಲಿಗೆ ಜನ ಹತ್ತುತ್ತಲೇ ಇದ್ದರು. ಪೆಟ್ಟು ಬಿದ್ದದ್ದು ಬೇರೆ ಕಡೆ. ನಾಲ್ಕು ತಿಂಗಳಾದ ಮೇಲೆ ಅವನ ಹೆಂಡತಿ ರಾಚಮ್ಮ ನಂಜನಗೂಡಿಗೆ ಬಂದು ಮೇಷ್ಟ್ರ ಬಾಗಿಲಲ್ಲಿ ಕೂತಳು.

"ಸೋಸಲೇಲಿ ನನ್ ಮಗನ್ಗೆ ಎಣ್ಣು ಗೊತ್ತಾಗಿತ್ತು ಬುದ್ಧಿ. ಈಗ ಅವ್ರು ಇಂದೇಟು ಆಕ್ತಾವ್ರೆ. ಕುಡುಕನ ಮನೆಗೆ ಮಗಳ ಕೊಡಕಿಲ್ಲ ಅಂತಾರೆ. ಸರ್ಕಾರದಲ್ಲೇ ಬರ್ದದಂತೆ. ನಮ್ಮೋರು ಒಂದು ದಿನ ಕುಡ್ದೋರಲ್ಲ. ಈಗ ನಾನು ಯಾರ್ ತಾವ ಓಗಿ ಯೋಳ್ಲಿ?"

ರುದ್ರಾಣಿ ಒಳಗಿನಿಂದ ಅವರ ಚಪ್ಪಲಿ ತಂದು ಮುಂದಿಟ್ಟಳು. "ಸೋಸಲೆ ಬಸ್ಸು ಸ್ಟ್ಯಾಂಡಲ್ಲಿ ನಿಂತಿರ್ತದೆ, ಹೊರಡಿ" ಎಂದಳು.

ಸೋಸಲೆಯಲ್ಲಿ ಹೆಣ್ಣಿನ ತಂದೆ ರಾಮಯ್ಯ, ಡಾಕ್ಟರೇ ಮನೆಗೆ ಬಂದದ್ದು ಕಂಡು ಗಾಬರಿಯಾಗಿ, ಹೆಗಲ ಮೇಲಿನ ಟವೆಲಿನಿಂದ ಮಂಚ ಒರೆಸಿ ಕೂರಿಸಿದ. ಮೇಷ್ಟ್ರು ಎಲ್ಲವನ್ನೂ ಬಿಡಿಸಿ ಹೇಳಿದರು. "ಮಲ್ಲಯ್ಯ ಕುಡಿದಿರಲಿಲ್ಲ. ದೋಣಿ ಮುಳುಗಿಸಿದವನು ನಾನು. ನನ್ನ ಮಾತು ನಂಬಿ" ಎಂದರು.

ರಾಮಯ್ಯ ತಲೆ ತಗ್ಗಿಸಿ ಪೂರ್ತಿ ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋಡ್ದಾ? ಇಷ್ಟು ದೊಡ್ಡೋರು ಆ ಕುಡುಕನ ಪರ್ವಾಗಿ ಬಸ್ಸತ್ತಿ ಬಂದವ್ರೆ. ಸುಳ್ಳು ಬ್ಯಾರೆ ಯೋಳ್ತಾವ್ರೆ, ಪಾಪ. ಇಂಥೋರ ಬೆಂಬಲ ಐತೆ ಅಂದ್ಮೇಲೆ ಕುಡುದ್ರೆ ಕುಡ್ಕಳ್ಳಿ ಬುಡು. ಎಣ್ಣು ಕೊಡವ" ಎಂದ.

ಮದುವೆಯಾಯಿತು. ಮೇಷ್ಟ್ರು ಅಕ್ಷತೆ ಹಾಕಿ, ಮಲ್ಲಯ್ಯನ ಪಕ್ಕದಲ್ಲೇ ಕೂತು ಊಟ ಮಾಡಿ ಬಂದರು. ಅಂದು ಅವರ ಮನಸ್ಸು ಹಗುರವಾಗಿತ್ತು. ಹಾಗೇ ಹಗುರವಾಗಿ ಬಿಟ್ಟಿದ್ದರೆ ಚೆನ್ನಾಗಿತ್ತು.

ಆದರೆ ನಿಜ ಹೇಳಿದರೆ ಇಷ್ಟು ಮರ್ಯಾದೆ ಸಿಗುತ್ತದೆಂದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಮೊದಮೊದಲು ಸಂಕೋಚದಿಂದ, ಬಸ್ಸಿನಲ್ಲಿ ಪಕ್ಕ ಕೂತವರು ಸಂಗಮದ ದೋಣಿಯ ಮಾತೆತ್ತಿದರೆ ಮಾತ್ರ, "ತಪ್ಪು ನಂದೇ" ಎನ್ನುತ್ತಿದ್ದರು. ಕೇಳಿದವರು, "ನೀವು ದೊಡ್ಡೋರು, ಹಂಗನ್ಬಾರ್ದು" ಎಂದು ಎದ್ದು ಕಿಟಕಿ ಪಕ್ಕದ ಸೀಟು ಕೊಡುತ್ತಿದ್ದರು. ಆಮೇಲಾಮೇಲೆ ಯಾರೂ ಮಾತೆತ್ತದಿದ್ದರೂ ಮೇಷ್ಟ್ರೇ ಎತ್ತತೊಡಗಿದರು. ಹೇಳುವಾಗ ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕು ಎನ್ನುವುದು ರೂಢಿಯಾಯಿತು. 2004ರಲ್ಲಿ ಸೀನಿಯಾರಿಟಿಯ ಮೇಲೆ ಪ್ರಿನ್ಸಿಪಾಲರಾದಾಗ ಸನ್ಮಾನ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ವಿದ್ವತ್ತನ್ನು ಬಿಟ್ಟು ವಿನಯವನ್ನೇ ಹೊಗಳಿದರು. ಶಿವಮಲ್ಲಪ್ಪನವರಂತೂ ಮಂಡಿಯಲ್ಲಿ ಬೆಲ್ಲ ತೂಗುತ್ತ, "ನಮ್ಮ ದೊಡ್ಡಳಿಯಂದಿರು ಯಾರ ತಪ್ಪಿದ್ರೂ ತಮ್ದೇ ಅಂತಾರೆ" ಎಂದು ಸಾರತೊಡಗಿದರು. ನಂಜೇಶನಿಗೆ ಈ ವಿದ್ಯೆ ಬರಲಿಲ್ಲ. ಅವನ ಕೈಯಲ್ಲಿ ಹಸು ಸತ್ತರೆ ಜನ ಬೈಯುತ್ತಿದ್ದರು.

ಈಗ ಮೇಷ್ಟ್ರು ಸಂಜೆ ಪೇಟೆಗೆ ಹೋದರೆ ಮನೆ ಸೇರುವುದು ಹೊತ್ತಾಗುತ್ತದೆ. ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರೋ, ವರ್ಗವಾಗಿ ಬಂದ ಸಬ್ ಇನ್ಸ್‌ಪೆಕ್ಟರೋ, ಆ ಕಥೆ ಕೇಳದವರು ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ಗೇಟು ಸದ್ದಾದೊಡನೆ ರುದ್ರಾಣಿ ಅಡಿಗೆಮನೆಯಿಂದಲೇ ಕೇಳುತ್ತಾಳೆ, "ಇವತ್ತು ಎಷ್ಟು ಜನರ ಹತ್ರ ತಪ್ಪು ಒಪ್ಕೊಂಡ್ರಿ?"

ಮೇಷ್ಟ್ರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಕೈಕಾಲು ತೊಳ್ಕೊಂಡು ಬನ್ನಿ" ಎನ್ನುತ್ತಾಳೆ ಅವಳು. "ಮುದ್ದೆ ಆರ್ತಾ ಅದೆ."